ನಮಗ್ಯಾಕೆ ಆ ಉಸಾಬರಿ?

ಪೇಟೆಯ ಮಹಿಳಾ ಸಮಾಜದ ಮೀಟಿಂಗಿನಲ್ಲಿ ಈಚೆಗೆ ನಾನೊಂದು ಮಾತು ಹೇಳಿ ಎಲ್ಲರ ನಗೆಗೆ ಈಡಾದೆ. ನವೆಂಬರ್ ತಿಂಗಳಿಗೆ ಏನು ಕಾರ್ಯಕ್ರಮ ಇಡೋಣ ಎಂಬ ಚರ್ಚೆ ನಡೆದಿತ್ತು. ರಾಜ್ಯೋತ್ಸವ ಇದ್ದೇ ಇತ್ತು. ಜೊತೆಗೆ ರಂಗೋಲಿ ಸ್ಪರ್ಧೆ, ಸಿರಿಧಾನ್ಯದ ಅಡುಗೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು, "ನವೆಂಬರ್ 6ಕ್ಕೆ ಏನಾದರೂ ಇಡೋಣ. ಯುದ್ಧದಲ್ಲಿ ಕಾಡು, ನೀರು, ನೆಲ ಹಾಳಾಗುವುದನ್ನು ತಡೆಯಬೇಕೆಂದು ವಿಶ್ವಸಂಸ್ಥೆ 2001ರಲ್ಲಿ ಗೊತ್ತುಮಾಡಿದ ದಿನ ಅದು" ಎಂದೆ. ಒಂದು ಗಳಿಗೆ ಮೌನ. ಆಮೇಲೆ ನಮ್ಮ ಕಾರ್ಯದರ್ಶಿ, ಒಳ್ಳೆಯ ಹೆಂಗಸೇ, ನಗುತ್ತ, "ಅಯ್ಯೋ ಅಕ್ಕ, ಯುದ್ಧ ಎಲ್ಲೋ ಉಕ್ರೇನಿನಲ್ಲಿ. ಮಧುವನಹಳ್ಳಿಯಲ್ಲಿ ಕೂತ ನಮಗ್ಯಾಕೆ ಆ ಉಸಾಬರಿ?" ಎಂದರು. ಉಳಿದವರೂ ನಕ್ಕರು. ರಂಗೋಲಿ ಸ್ಪರ್ಧೆಯೇ ಗೊತ್ತಾಯಿತು.

ನಾನೂ ನಕ್ಕು ಸುಮ್ಮನಾದೆ. ಮನೆಗೆ ಬಂದು ಒಲೆಯ ಮುಂದೆ ನಿಂತ ಮೇಲೆ ಸಿಟ್ಟು ಬಂತು. ಹೆಂಗಸರ ಸಿಟ್ಟು ಹಾಗೆಯೇ ಅಲ್ಲವೆ, ಆಡಬೇಕಾದ ಕಡೆ ಆಡದೆ ಅನ್ನ ಬಸಿಯುವಾಗ ಉಕ್ಕುತ್ತದೆ. ಆ ದಿನ ಆಡದೆ ಬಿಟ್ಟ ಮಾತನ್ನು ಈಗ ಬರೆಯುತ್ತಿದ್ದೇನೆ. ಅವರಿಗೆ ಮಾತ್ರವಲ್ಲ, ನಿಮಗೂ.

ಮಧುವನಹಳ್ಳಿ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿದೆ. ಕೊಳ್ಳೇಗಾಲದ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವವರು ಈ ದಾರಿಯಲ್ಲೇ ಹೋಗುತ್ತಾರೆ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಜಗಲಿಯ ಮೇಲೆ ನಿಂತರೆ ಕಾಣುತ್ತಿದ್ದದ್ದು ಎರಡೇ: ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತವರು, ಉಘೇ ಎನ್ನುತ್ತ ಬೆಟ್ಟಕ್ಕೆ ನಡೆಯುವವರು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮೂರನೆಯದೊಂದು ಕಾಣತೊಡಗಿತು. ಜೀಪುಗಳು. ಮುಂದೆ ವ್ಯಾನುಗಳು, ಲಾರಿಗಳು, ಬಂದೂಕು ಹಿಡಿದ ಎಳೆಯ ಹುಡುಗರು. ರಾತ್ರಿ ಜೀಪಿನ ಸದ್ದು ಕೇಳಿದರೆ ನಮ್ಮತ್ತೆ ದೀಪ ಆರಿಸುತ್ತಿದ್ದರು.

"ಅದು ಯುದ್ಧವೆ? ಪೊಲೀಸರು ಕಳ್ಳನನ್ನು ಹಿಡಿಯಲು ಹೋದದ್ದು" ಎನ್ನುತ್ತೀರಿ. ಸರಿ, ಲೆಕ್ಕ ಹಾಕೋಣ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ. ಗೋಪಿನಾಥಂನಲ್ಲಿ ಗುಡಿ ಕಟ್ಟಿಸಿ, ಊರವರಿಗೆ ಮದ್ದು ಕೊಟ್ಟು, ಮನಸ್ಸು ಗೆದ್ದು ಕಾಡು ಉಳಿಸಬೇಕೆಂದವರು ಅವರು. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ಆಗಸ್ಟ್ 14ಕ್ಕೆ ಮೀಣ್ಯದ ಹತ್ತಿರ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಸತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಹೋದರು. ಎರಡು ರಾಜ್ಯಗಳ ವಿಶೇಷ ಪಡೆಗಳು ಬಂದವು, ಒಮ್ಮೆ ಗಡಿ ಭದ್ರತಾ ಪಡೆಯೂ ಬಂತು. 2002ರಲ್ಲಿ ನಮ್ಮ ಪಕ್ಕದ ಕಾಮಗೆರೆಯಿಂದಲೇ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಎತ್ತಿಕೊಂಡು ಹೋದರು. ಅವರು ಜೀವಂತ ಮರಳಲಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ನೆಲಬಾಂಬು, ಹೊಂಚು, ಒತ್ತೆ, ಪಡೆ, ಇಷ್ಟೆಲ್ಲ ಇದ್ದು ವರ್ಷಗಟ್ಟಲೆ ನಡೆದದ್ದನ್ನು ಕಾನೂನು ಏನು ಬೇಕಾದರೂ ಕರೆಯಲಿ. ಕಾಡಿನ ಒಳಗಿದ್ದವರಿಗೆ ಅದು ಯುದ್ಧವೇ.

ಕಾಡಿನ ಒಳಗಿದ್ದವರು ಎಂದರೆ ಯಾರು? ನನಗೆ ಗೊತ್ತಿದ್ದದ್ದು ಒಬ್ಬ ಸೋಲಿಗರ ಅಜ್ಜಿ. ಆಗ ಅವಳು ಅಜ್ಜಿಯಲ್ಲ, ನನಗಿಂತ ಹತ್ತು ವರ್ಷ ದೊಡ್ಡವಳಿದ್ದಳೇನೋ. ವರ್ಷಕ್ಕೆ ನಾಲ್ಕು ಸಲ ಬರುವಳು. ಜೇನು, ಸೀಗೆಕಾಯಿ, ಅಂಟುವಾಳ, ಮಾಗಳಿ ಬೇರು, ಈಚಲು ಪೊರಕೆ ತರುವಳು. ನಮ್ಮತ್ತೆಯ ಮಾಗಳಿ ಬೇರಿನ ಉಪ್ಪಿನಕಾಯಿ ಮೈಸೂರಿನ ನೆಂಟರವರೆಗೆ ಹೆಸರಾಗಿತ್ತು. ಬೇರು ಮಾತ್ರ ಇವಳದು. ಒಂದು ವರ್ಷ ಅವಳು ಬರಲಿಲ್ಲ. ಮರುವರ್ಷವೂ ಇಲ್ಲ. ಬಹಳ ದಿನದ ಮೇಲೆ ಕೈಯಲ್ಲಿ ಏನೂ ಇಲ್ಲದೆ ಬಂದು ಜಗಲಿಯಲ್ಲಿ ಕೂತಳು. "ಕಾಡ್ಗ ಹೋಗಂಗಿಲ್ಲ ಕನವ್ವ. ಹೋದ್ರ ಅವ್ನಿಗ ಅಕ್ಕಿ ಕೊಟ್ಟಾಂತ ಇವ್ರು ಹೊಡಿತಾರ. ಹೋಗ್ದೆ ಇದ್ರ ಇವ್ರಿಗ ಸುದ್ದಿ ಕೊಟ್ಟಾಂತ ಅವ್ನು ಹೊಡಿತಾನ" ಎಂದಳು. ಅತ್ತೆ ಒಂದು ಲೋಟ ಕಾಫಿ ಕೊಟ್ಟರು. ಅದನ್ನು ಅವಳು ಕುಡಿಯುವಾಗ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ.

ಮಾದೇಶ್ವರನ ಕಾವ್ಯದ ಸಂಕಮ್ಮ ನಿಮಗೆ ನೆನಪಿರಬೇಕು. ಗಂಡ ಜೇನಿಗೆ ಕಾಡಿಗೆ ಹೊರಡುತ್ತಾನೆ. ಹೆಂಡತಿಯ ಮೇಲೆ ಅನುಮಾನ, ಆಣೆ ಇಡು ಎಂದು ಹಿಂಸೆ ಕೊಡುತ್ತಾನೆ. ತಪ್ಪೇ ಮಾಡದವಳು ತಾನು ತಪ್ಪು ಮಾಡಿಲ್ಲವೆಂದು ತೋರಿಸಿಕೊಡಬೇಕು. ಆ ಹತ್ತು ಹನ್ನೆರಡು ವರ್ಷ ನಮ್ಮ ಕಾಡಂಚಿನ ಹೆಂಗಸರೆಲ್ಲ ಸಂಕಮ್ಮಂದಿರೇ ಆಗಿದ್ದರು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಆ ಕಾರ್ಯಾಚರಣೆಯಲ್ಲಿ ನೊಂದ 89 ಜನರಿಗೆ ಪರಿಹಾರ ಕೊಡಿರೆಂದು ಎರಡೂ ರಾಜ್ಯಗಳಿಗೆ ಹೇಳಿತು. ಮಡಿದ ಪೊಲೀಸರಿಗೂ ಗೌರವ ಸಂದಿತು, ಸಲ್ಲಬೇಕಾದ್ದೇ. ಹಿಡಿದವರಿಗೆ ಬಹುಮಾನ ಸಂದಿತು. ಸಿನಿಮಾದವರಿಗೆ ಕತೆ ಸಿಕ್ಕಿತು.

ಕಾಡಿಗೆ ಏನು ಸಂದಿತು? ಮನೆಯಲ್ಲಿ ಕಳವಾದರೆ ನಾವು ಮೊದಲು ಏನು ಮಾಡುತ್ತೇವೆ? ಏನೇನು ಹೋಯಿತೆಂದು ಪಟ್ಟಿ ಮಾಡುತ್ತೇವೆ. ಎಷ್ಟು ಶ್ರೀಗಂಧ ಹೋಯಿತು, ಎಷ್ಟು ಆನೆ ಹೋದವು, ಯಾವ ಹಾದಿ ಮುಚ್ಚಿತು, ಯಾವ ಕೆರೆ ಹೂಳು ತುಂಬಿತು ಎಂದು ಬೆಟ್ಟದ ಹೆಂಗಸರನ್ನು ಕೂರಿಸಿಕೊಂಡು ಬರೆದ ಒಂದು ಪಟ್ಟಿಯನ್ನೂ ನಾನು ಕಂಡಿಲ್ಲ. ನಮ್ಮ ಆನೆಗಳಲ್ಲಿ ದಂತ ಇರುವುದು ಗಂಡಿಗೆ ಮಾತ್ರ. ದಂತಕ್ಕಾಗಿ ಕೊಂದದ್ದೆಲ್ಲ ಗಂಡಾನೆಗಳನ್ನೇ. ಹಿಂಡಿನಲ್ಲಿ ಹೆಣ್ಣು ಗಂಡಿನ ಅಳತೆ ತಪ್ಪಿದರೆ ಅದು ಒಂದು ತಲೆಮಾರಿನಲ್ಲಿ ಸರಿಹೋಗುವ ಮಾತಲ್ಲ. ಗಂಧದ ಮರದ ಚೇಗು ಬಲಿಯಲು ದಶಕಗಳೇ ಬೇಕು. ವೀರಪ್ಪನ್ ಸತ್ತು ಇಪ್ಪತ್ತು ವರ್ಷ ದಾಟಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಕಾಡಿನ ಲೆಕ್ಕದಲ್ಲಿ ಅವನು ಸತ್ತದ್ದು ಮೊನ್ನೆ.

2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡನ್ನು ವನ್ಯಧಾಮವೆಂದು ಘೋಷಿಸಿದರು. ಒಳ್ಳೆಯದೇ. ಆದರೆ ಬೇಲಿ ಹಾಕುವುದು ಬೇರೆ, ಗಾಯ ತೊಳೆದು ಕಟ್ಟುವುದು ಬೇರೆ. ಬಾಣಂತಿಯ ಕೋಣೆಗೆ ಬೀಗ ಹಾಕಿ ಬಂದರೆ ಬಾಣಂತನ ಮಾಡಿದ ಹಾಗಾಯಿತೆ?

ಇನ್ನು 'ಎಲ್ಲೋ' ಎಂಬ ಮಾತು. ಆನೆಯ ದಂತ ಯಾರಿಗೆ ಬೇಕಿತ್ತು? ಮಧುವನಹಳ್ಳಿಯಲ್ಲಿ ದಂತದ ಬಳೆ ತೊಟ್ಟ ಒಬ್ಬ ಹೆಂಗಸನ್ನೂ ನಾನು ನೋಡಿಲ್ಲ. ದಂತದ ವ್ಯಾಪಾರವನ್ನು ನಿಲ್ಲಿಸಲು ಪ್ರಪಂಚದ ದೇಶಗಳೆಲ್ಲ ಸೇರಿ 1989ರಲ್ಲಿ ತೀರ್ಮಾನ ಮಾಡಬೇಕಾಯಿತು ಎಂದರೆ ಕೊಳ್ಳುವವರು ಎಲ್ಲೆಲ್ಲಿದ್ದರೆಂದು ಊಹಿಸಿ. ನಮ್ಮ ಜಿಲ್ಲೆಯ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಅಲ್ಲಿ ಅದರಲ್ಲಿ ಸಮಾಧಿಯ ಕಲ್ಲನ್ನೂ ಮಾಡುತ್ತಾರೆ. ಇಲ್ಲಿ ಗುಡ್ಡ ಹಳ್ಳವಾಗುತ್ತದೆ, ಅಲ್ಲಿ ಯಾರದೋ ಹೆಸರು ಕೆತ್ತಿಸಿಕೊಂಡು ನಿಲ್ಲುತ್ತದೆ. ಆ ಕ್ವಾರಿಗಳವರಿಂದ ವೀರಪ್ಪನ್ ಹಣ ಕೀಳುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನೂ ಹಿಂದಕ್ಕೆ ಹೋದರೆ, ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿ ನಮ್ಮ ಸೀಮೆಯ ಗೂಡಿಗೆ ಬೆಲೆ ಬಂದ ಕತೆಯನ್ನು ನಮ್ಮತ್ತೆಯ ಅತ್ತೆ ಹೇಳುತ್ತಿದ್ದರಂತೆ. ಯುರೋಪಿನಲ್ಲಿ ಬಾಂಬು ಬಿದ್ದರೆ ಇಲ್ಲಿ ತಟ್ಟೆಯಲ್ಲಿ ಹುಳುವಿಗೆ ಸೊಪ್ಪು ಹೆಚ್ಚು ಬೀಳುತ್ತಿತ್ತು!

ಕದಿಯುವುದಕ್ಕೆ, ಕೊಳ್ಳುವುದಕ್ಕೆ, ಕೊಲ್ಲುವುದಕ್ಕೆ ದೇಶ ದೇಶಗಳ ನಡುವೆ ಜಾಲ ಇದೆ. ಅದನ್ನು ನೋಡಿ ಯಾರೂ "ನಮಗ್ಯಾಕೆ ಉಸಾಬರಿ" ಎನ್ನಲಿಲ್ಲ. ಗಾಯ ಮಾಯಿಸಲು ಅಂಥದೊಂದು ಜಾಲ ಬೇಕೆಂದಾಗ ಮಾತ್ರ ನಾವು ಮಧುವನಹಳ್ಳಿಯವರಾಗಿಬಿಡುತ್ತೇವೆ. ಇದು ವಿನಯವಲ್ಲ, ಸೋಮಾರಿತನ.

ಬೇರೆಯವರು ಏನು ಮಾಡಿದರು, ಕೇಳಿ. ಅಮೆರಿಕದವರು 1961ರಿಂದ 1971ರವರೆಗೆ ವಿಯೆಟ್ನಾಮಿನ ಕಾಡುಗಳ ಮೇಲೆ ಏಳೆಂಟು ಕೋಟಿ ಲೀಟರ್ ಕಳೆನಾಶಕ ಸುರಿದರು. ಹೋ ಚಿ ಮಿನ್ ನಗರದ ಹತ್ತಿರ ಕಾನ್ ಜಿಯೋ ಎಂಬ ಕಡೆ ಕಾಂಡ್ಲಾ ಕಾಡು, ಉಪ್ಪು ನೀರಿನಲ್ಲಿ ಬೆಳೆಯುವ ಕಾಡು, ಸುಟ್ಟಂತಾಗಿ ಹೋಯಿತು. ಅಲ್ಲಿಯ ಜನ 1978ರಿಂದ ಕೆಸರಿನಲ್ಲಿ ಇಳಿದು ಬೀಜ ನೆಟ್ಟರು. ಅಮೆರಿಕದ ವ್ಯಾಪಾರ ನಿರ್ಬಂಧ 1994ರವರೆಗೂ ಅವರ ತಲೆಯ ಮೇಲಿತ್ತು, ಆದರೂ ನೆಟ್ಟರು. 2000ದಲ್ಲಿ ಯುನೆಸ್ಕೋ ಅದನ್ನು ಜೀವಗೋಲ ತಾಣವೆಂದು ಮಾನ್ಯ ಮಾಡಿತು. ಅಷ್ಟಕ್ಕೇ ಬಿಡಲಿಲ್ಲ. ವಿಷ ಸುರಿದವರೇ ಬಂದು ತೊಳೆಯಬೇಕೆಂದು ಎರಡೂ ದೇಶಗಳ ವಿಜ್ಞಾನಿಗಳು, ಹಳೆಯ ಸೈನಿಕರು, ನೊಂದ ತಾಯಂದಿರು ಬಿಡದೆ ಕೇಳಿದರು. ಡಾ ನಾಂಗ್ ವಿಮಾನನಿಲ್ದಾಣದ ವಿಷದ ಮಣ್ಣನ್ನು 2012ರಿಂದ 2018ರವರೆಗೆ ಅಮೆರಿಕದ ಹಣದಲ್ಲಿ ಶುದ್ಧ ಮಾಡಿದರು. ನಲವತ್ತು ವರ್ಷ ತಡ, ನಿಜ. ಆದರೂ ಕೇಳಿದ್ದಕ್ಕೆ ಆಯಿತು.

1991ರಲ್ಲಿ ಸೋತು ಹೊರಟ ಇರಾಕಿನ ಸೈನ್ಯ ಕುವೈತಿನ ಆರುನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟಿತು. ಅನೇಕ ದೇಶಗಳವರು ಸೇರಿ ಕೊನೆಯ ಬಾವಿಯ ಬಾಯಿ ಮುಚ್ಚಿದ್ದು ಆ ವರ್ಷದ ನವೆಂಬರ್ 6ರಂದು. ಅದಾದ ನಾಲ್ಕನೇ ದಿನ ಇಲ್ಲಿ ಶ್ರೀನಿವಾಸ್ ಅವರ ಕೊಲೆಯಾಯಿತು. ಅಲ್ಲಿಯ ಉರಿಗೆ ವಿಶ್ವಸಂಸ್ಥೆ ಒಂದು ಆಯೋಗವನ್ನೇ ಮಾಡಿತು. ಕೆಲಸ ಕಳೆದುಕೊಂಡು ಬಂದ ಕೂಲಿಯವನ ನಷ್ಟದ ಜೊತೆಗೆ ಮರಳುಗಾಡಿನ, ಕಡಲತೀರದ ನಷ್ಟವನ್ನೂ ಲೆಕ್ಕ ಹಿಡಿದು ಇರಾಕಿನಿಂದ ವಸೂಲು ಮಾಡಿತು. ಆ ಬಾಕಿ ಪೂರ್ತಿ ತೀರಿದ್ದು 2022ರಲ್ಲಿ. ಹಾಗಾದರೆ ನೆಲಕ್ಕೂ ಪರಿಹಾರ ಉಂಟು ಎಂದಾಯಿತಲ್ಲ!

ಇದೆಲ್ಲ ದೊಡ್ಡ ಸರ್ಕಾರಗಳ ಮಾತು ಎನ್ನಬೇಡಿ. 1992ರಲ್ಲಿ ಆರು ಸಂಸ್ಥೆಗಳು ಸೇರಿ ನೆಲಬಾಂಬು ನಿಷೇಧ ಮಾಡಿ ಎಂದು ಹೊರಟವು. ಅದರ ಕೆಲಸ ಹೊತ್ತವರು ಜೋಡಿ ವಿಲಿಯಮ್ಸ್ ಎಂಬ ಹೆಂಗಸು. ಆಗ ಕೈಯಲ್ಲಿ ಈಗಿನ ಮೊಬೈಲು ಇರಲಿಲ್ಲ. ಹೆಚ್ಚಾಗಿ ಕಾಗದ, ಫೋನು, ಫ್ಯಾಕ್ಸು. ಐದು ವರ್ಷಕ್ಕೆ, 1997ರಲ್ಲಿ, ಒಟ್ಟಾವದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು; ಅದೇ ವರ್ಷ ಅವರಿಗೂ ಆ ಚಳವಳಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ದೇಶ ಇನ್ನೂ ಆ ಒಪ್ಪಂದಕ್ಕೆ ಸೇರಿಲ್ಲ. 2025ರಲ್ಲಿ ಯುರೋಪಿನ ಕೆಲವು ದೇಶಗಳು ಅದರಿಂದ ಹಿಂದೆ ಸರಿಯಲು ಹೊರಟವು. ಕಟ್ಟಿದ್ದು ಕೆಡುವುದೂ ಉಂಟು. ಅದಕ್ಕೇ ಹಿಡಿದುಕೊಳ್ಳುವ ಕೈ ಹೆಚ್ಚಬೇಕು. ಶ್ರೀಲಂಕಾದ ಉತ್ತರದಲ್ಲಿ 2009ರಲ್ಲಿ ಯುದ್ಧ ನಿಂತ ಮೇಲೆ ಮಣ್ಣಿನಿಂದ ಬಾಂಬು ಕೆದಕಿ ತೆಗೆದವರಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಇದ್ದಾರೆ. ಹಣ ಹೊರಗಿನದು, ಕೈ ಅವರದು. ಕರಿಕಲ್ಲಿನ ಮಾತಿಗೂ ಒಂದು ಉತ್ತರ ಅಲ್ಲಿಂದಲೇ ಬಂದಿದೆ: ಮಕ್ಕಳ ದುಡಿಮೆಯಿಂದ ಬಂದ ಕಲ್ಲು ನಮ್ಮ ಸ್ಮಶಾನಕ್ಕೆ ಬೇಡ ಎಂದು ಜರ್ಮನಿಯ ಕೆಲವು ಊರುಗಳು ನಿಯಮವನ್ನೇ ಬದಲಿಸಿದವು. ಅಲ್ಲಿ ಯಾರೋ "ಭಾರತದ ಮಕ್ಕಳ ಉಸಾಬರಿ ನಮಗ್ಯಾಕೆ" ಎನ್ನದೆ ಇದ್ದದ್ದರಿಂದ ಅದು ಆಯಿತು.

ಈಗ ನನ್ನ ಕಡೆಯವರಿಗೂ ಎರಡು ಮಾತು ಹೇಳಬೇಕು. 'ನೆಟ್‌ವರ್ಕಿಂಗ್' ಎಂದು ಬಾಯಿತುಂಬ ಹೇಳುವವರ ಸಭೆಯೊಂದಕ್ಕೆ ನಾನೂ ಹೋಗಿದ್ದೆ. ದೊಡ್ಡ ಹೋಟೆಲು. ಕೊರಳಿಗೆ ಚೀಟಿ, ಮುಂದೆ ಬಾಟಲಿ ನೀರು. ಸಂಜೆ ಗುಡ್ಡಗಾಡಿನ ಹೆಂಗಸರನ್ನು ಕರೆಸಿ ಕುಣಿಸಿದರು. ವಿದೇಶದವರು ಅವರ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಮರುದಿನ 'ಮೂಲನಿವಾಸಿಗಳ ಜ್ಞಾನ' ಎಂಬ ವಿಷಯದ ಮೇಲೆ ಇಡೀ ದಿನ ಚರ್ಚೆ. ಆ ಹೆಂಗಸರನ್ನು ಬೆಳಗಿನ ಬಸ್ಸಿಗೇ ಕಳಿಸಿಯಾಗಿತ್ತು. ಇಂಥ ಜಾಲ ಮೀನುಗಾರನ ಬಲೆಯಷ್ಟೇ. ಹಿಡಿದವನಿಗೆ ಲಾಭ, ಸಿಕ್ಕಿದ್ದಕ್ಕೆ ಅಲ್ಲ. ಹೊರಗಿನ ಹಣ ಬಂದರೆ ಲೆಕ್ಕ ಊರ ಮುಂದೆ ಇಡಬೇಕು, ಮಾತು ಊರವರ ಭಾಷೆಯಲ್ಲಿ ಆಗಬೇಕು, ಮೊದಲ ಕುರ್ಚಿ ಕಾಡಿನವರದಾಗಬೇಕು. ಇಲ್ಲದಿದ್ದರೆ ನಮ್ಮ ಕಾರ್ಯದರ್ಶಿಯ ನಗೆಯೇ ಸರಿ.

ಆದರೆ ಸರಿಯಾಗಿ ನಡೆದರೆ? ಅದಕ್ಕೆ ಯಳಂದೂರಿನ ಕಡೆ ನೋಡಿದರೆ ಸಾಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಆ ಬೆಟ್ಟವನ್ನು ಹುಡುಕಿಕೊಂಡು ಬಂತು. ಅಲ್ಲಿಯ ಸೋಲಿಗರು ತಮ್ಮ ಹಾಡಿ, ದೇವರ ತಾಣ, ಜೇನಿನ ಮರಗಳಿದ್ದ ನಕ್ಷೆ ಮಾಡಿ, ಗ್ರಾಮಸಭೆಗಳಲ್ಲಿ ಕೂತು, 2011ರಲ್ಲಿ ಹುಲಿ ಕಾಡಿನೊಳಗೇ ಸಮುದಾಯದ ಅರಣ್ಯ ಹಕ್ಕು ಪಡೆದರು. ಲಂಟಾನ ನೋಡಿ, ಅದು ಅಮೆರಿಕದ ಕಡೆಯ ಗಿಡ. ಬ್ರಿಟಿಷರು ತೋಟದ ಚೆಂದಕ್ಕೆಂದು ತಂದದ್ದು ಇಂದು ನಮ್ಮ ಕಾಡನ್ನೇ ಮುಚ್ಚಿದೆ. ಮಾದಪ್ಪನ ಬೆಟ್ಟದ ಸೋಲಿಗರು ಅದರ ಕಡ್ಡಿ ತಂದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಬೆಂಗಳೂರಿನ ಪರಿಸರ ಸಂಸ್ಥೆ ಏಟ್ರೀಯವರು ಅದಕ್ಕೆ ಜೊತೆಯಾದರು. ಕಾಡು ಮಾಯಲು ಇಂಥ ಕೈ ಬೇಕು, ಇಂಥ ಜೊತೆ ಬೇಕು.

ಇನ್ನೊಂದು ಹೇಳುತ್ತೇನೆ, ನಗಬೇಡಿ. ಅಂತರರಾಷ್ಟ್ರೀಯ ಸಂಪರ್ಕಕ್ಕೆ ವಿಮಾನ ಹತ್ತಬೇಕಾಗಿಲ್ಲ. ಹನೂರು ದಾಟಿ ಮುಂದೆ ಹೋದರೆ ಒಡೆಯರಪಾಳ್ಯ. 1970ರ ದಶಕದಿಂದ ಅಲ್ಲಿ ಟಿಬೆಟ್ಟಿನವರು ಇದ್ದಾರೆ. ನೆಲ ಕಳೆದುಕೊಂಡು ಬಂದು ನಮ್ಮ ಕಾಡಂಚಿನ ನೆಲದಲ್ಲಿ ಮುಸುಕಿನ ಜೋಳ ಬೆಳೆದವರು. ಚಳಿಗಾಲಕ್ಕೆ ಪೇಟೆಯ ಬೀದಿಯಲ್ಲಿ ಸ್ವೆಟರು ಮಾರುವ ಅವರ ಹೆಂಗಸರ ಹತ್ತಿರ ನಾವು ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. "ನಿಮ್ಮೂರಿನ ಬೆಟ್ಟ ಹೇಗಿತ್ತಮ್ಮ?" ಎಂದು ಎಂದಾದರೂ ಕೇಳಿದ್ದೇವೆಯೆ? ಊರು ಬಿಟ್ಟವಳು, ಊರಲ್ಲೇ ಇದ್ದು ಕಾಡು ಕಳೆದುಕೊಂಡವಳು, ಇಬ್ಬರೂ ಹನೂರಿನ ಸಂತೆಯಲ್ಲಿ ಒಂದೇ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅವರಿಬ್ಬರನ್ನು ಒಂದು ಚಾಪೆಯ ಮೇಲೆ ಕೂರಿಸಿದರೆ ಅದಕ್ಕಿಂತ ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ಬೇರೆ ಬೇಕೆ?

ನಾನು ಕೇಳುವುದು ಹೆಚ್ಚೇನಲ್ಲ. ನಮ್ಮ ಸಮಾಜದಲ್ಲಿ ಮೂವತ್ತು ಜನ ಇದ್ದೇವೆ. ಹತ್ತು ಜನರ ಮಕ್ಕಳು ಅಮೆರಿಕ, ಜರ್ಮನಿ, ದುಬೈನಲ್ಲಿದ್ದಾರೆ. ಭಾನುವಾರ ಫೋನಿನಲ್ಲಿ ಮುಖ ನೋಡಿಕೊಂಡು ಸಾರಿನ ಪುಡಿ ಮುಗಿಯಿತೆ ಎಂದು ಕೇಳುತ್ತೇವೆ. ಅದರ ಜೊತೆಗೆ, "ನಿಮ್ಮಲ್ಲಿ ಯುದ್ಧದಿಂದ ಹಾಳಾದ ಕಾಡು ನೆಟ್ಟವರು ಯಾರಿದ್ದಾರೆ, ಹೇಗೆ ನೆಟ್ಟರು, ವಿಚಾರಿಸಿ ಹೇಳು" ಎನ್ನಲು ನಾಲಿಗೆ ಸವೆಯುತ್ತದೆಯೆ? ಬೆಟ್ಟದ ಹಾಡಿಗಳಿಗೆ ಹೋಗಿ, ಅಜ್ಜಿಯರನ್ನು ಕೇಳಿ, ಯಾವ ಮರ ಎಲ್ಲಿತ್ತು, ಜೇನು ಎಲ್ಲಿ ಕಟ್ಟುತ್ತಿತ್ತು, ಮಾಗಳಿ ಬೇರು ಎಲ್ಲಿ ಸಿಗುತ್ತಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋಣ. ಕಳವಿನ ಪಟ್ಟಿ ಅದು. ಅದನ್ನು ಜಿಲ್ಲಾಧಿಕಾರಿಗೂ ಕೊಡೋಣ, ಕಾಡಿನ ಇಲಾಖೆಗೂ ಕೊಡೋಣ, ಹೊರಗಿನ ಹೆಂಗಸರಿಗೂ ಕಳಿಸೋಣ. ಈ ಅಜ್ಜಿಯರು ಇನ್ನು ಎಷ್ಟು ವರ್ಷ ಇರುತ್ತಾರೆ? ಅವರು ಹೋದ ಮೇಲೆ ಏನು ಕಳೆದುಹೋಯಿತು ಎಂಬುದೂ ಕಳೆದುಹೋಗುತ್ತದೆ.

ನಮ್ಮ ಊರಿನ ಹೆಸರು ಹೇಳಿದಾಗಲೆಲ್ಲ ನನಗೆ ರಾಮಾಯಣದ ಮಧುವನ ನೆನಪಾಗುತ್ತದೆ. ಸೀತೆ ಸಿಕ್ಕಿದ ಸಂತೋಷಕ್ಕೆ ಕಪಿಸೈನ್ಯ ಸುಗ್ರೀವನ ಆ ಜೇನುತೋಟಕ್ಕೆ ನುಗ್ಗಿ ಕುಡಿದು, ಮುರಿದು, ಹಾಳು ಮಾಡುತ್ತದೆ. ಕಾವಲಿನ ದಧಿಮುಖ ಏಟು ತಿಂದು ದೂರು ಕೊಡಲು ಓಡುತ್ತಾನೆ. ಸುಗ್ರೀವನಿಗೆ ಸಿಟ್ಟಿಲ್ಲ, ಕೆಲಸ ಗೆದ್ದಿದೆಯೆಂದು ಅವನಿಗೆ ಹಿಗ್ಗು. ಗೆದ್ದವರ ತಪ್ಪಿಗೆ ಕ್ಷಮೆ ಸಿಕ್ಕಿತು. ಸರಿ, ಮುರಿದ ಮರಗಳನ್ನು ಮತ್ತೆ ನೆಟ್ಟವರು ಯಾರು? ಕತೆ ಆ ಕಡೆ ತಿರುಗಿಯೇ ನೋಡುವುದಿಲ್ಲ, ಲಂಕೆಗೆ ಹೊರಟುಬಿಡುತ್ತದೆ. ನಮ್ಮ ಕತೆಗಳೂ ಹಾಗೆಯೇ. ಯುದ್ಧ ಮುಗಿಯಿತು ಎಂದೊಡನೆ ಮುಂದಿನ ಯುದ್ಧದ ಸುದ್ದಿ.

ಆ ಸೋಲಿಗರ ಅಜ್ಜಿ ಹೋದ ದೀಪಾವಳಿಗೆ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಿದ್ದಳು. ಒಂದು ಹಿಡಿ ಮಾಗಳಿ ಬೇರು ತಂದಿದ್ದಳು, ಹಿಡಿ ಅಷ್ಟೇ. "ಈಗ ಸಿಕ್ಕಲ್ಲ ಕನವ್ವ, ರೋಜಕಡ್ಡಿ ಮುಚ್ಕಂಡದ" ಎಂದಳು. ನಮ್ಮತ್ತೆ ಈಗ ಇಲ್ಲ. ಅಷ್ಟು ಬೇರಿಗೆ ಒಂದು ಸಣ್ಣ ಜಾಡಿ ತುಂಬ ಉಪ್ಪಿನಕಾಯಿ ಆಯಿತು.

ಮುಂದಿನ ಮೀಟಿಂಗಿಗೆ ಆ ಜಾಡಿಯನ್ನೂ, ಒಂದು ಖಾಲಿ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗುತ್ತೇನೆ. ಮೊದಲು ಎಲ್ಲರೂ ಉಪ್ಪಿನಕಾಯಿ ನಂಚಿಕೊಳ್ಳಲಿ. ಆಮೇಲೆ ಇದು ಎಲ್ಲಿಂದ ಬಂತೆಂದು ಕೇಳಲಿ. ಕೇಳಿದ ಮೇಲೂ "ನಮಗ್ಯಾಕೆ" ಎಂದರೆ ಆಗ ನೋಡೋಣ.